ನಮ್ಮ ಎಮ್ಮೆಲ್ಲೆ ಹೌದು ಅಂದರಾ, ಇಲ್ಲ ಅಂದರಾ? ಪತ್ತೆ ಮಾಡುವುದು ಹೀಗೆ

ಹೋದ ದೀಪಾವಳಿ ಹೊತ್ತಿಗೆ ಚಿತ್ರದುರ್ಗದಿಂದ ನಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದರು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಶಾಸಕರ ಫೋಟೊ ಸಾಲಾಗಿ ಇತ್ತು. ಪಕ್ಕದಲ್ಲಿ ಗೋಹತ್ಯೆ, ಮತಾಂತರ, ಮೌಢ್ಯ, ದೇವಸ್ಥಾನದ ದುಡ್ಡು ಅಂತ ನಾಲ್ಕು ಮನೆ. ಒಬ್ಬೊಬ್ಬರ ಮುಂದೆ ಹಸಿರು ಟಿಕ್ಕು ಇಲ್ಲವೇ ಕೆಂಪು ಇಂಟು. ನಿಮ್ಮ ಮನೆ, ಸಂಸ್ಕೃತಿ ಕಾಯುವವರು ಯಾರು ಅಂತ ತಲೆಬರಹ. ಕೆಳಗೆ ಚಿಕ್ಕಪ್ಪನ ಸ್ವಂತ ಮಾತು: ‘ನೋಡಪ್ಪಾ, ನಿಮ್ಮ ಎಮ್ಮೆಲ್ಲೆ ಬಣ್ಣ ಬಯಲಾತು.’

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಅಫಿಡವಿಟ್, ಜಾತಿ ಪ್ರಮಾಣಪತ್ರದ ಅರ್ಜಿ ಇವುಗಳ ಮಧ್ಯೆಯೇ ಇಪ್ಪತ್ತು ವರ್ಷ ಕಳೆದವನು, ಹಾಗಾಗಿ ಕಾಗದ ಕಣ್ಣಾರೆ ನೋಡದೆ ಏನನ್ನೂ ನಂಬುವ ಅಭ್ಯಾಸ ನನಗಿಲ್ಲ. ಆ ಚಿತ್ರದಲ್ಲಿ ಮೊದಲ ನೋಟಕ್ಕೇ ಒಂದು ತಪ್ಪು ಸಿಕ್ಕಿತು. 2017ರ ಮೌಢ್ಯದ ಮಸೂದೆಗೆ ಕೆಂಪು ಇಂಟು ಹಾಕಿಸಿಕೊಂಡಿದ್ದ ಒಬ್ಬರು ಆಗ ಶಾಸಕರೇ ಆಗಿರಲಿಲ್ಲ! ಸದನದ ಮೆಟ್ಟಿಲನ್ನೇ ಹತ್ತದವರು ಒಳಗೆ ಕೂತು ವಿರೋಧ ಮಾಡುವುದು ಹೇಗೆ? ಸರಿ, ಉಳಿದದ್ದನ್ನೂ ನೋಡಿಯೇ ಬಿಡೋಣ ಅಂತ ಕೂತೆ. ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಒಂದು ಗಂಟೆ, ಸುಮಾರು ಮೂರು ವಾರ ಹಿಡಿಯಿತು. ಹೆಸರು ಹಿಡಿದು ಎಣಿಸಿದ ಮತ ನನಗೆ ಆ ನಾಲ್ಕರಲ್ಲಿ ಒಂದಕ್ಕೂ ಸಿಗಲಿಲ್ಲ. ಅಂದರೆ ಆ ಟಿಕ್ಕು, ಇಂಟು ಎಲ್ಲ ಪಕ್ಷದ ಬಾವುಟ ನೋಡಿ ಹಾಕಿದ್ದು, ಸದನದ ದಾಖಲೆ ನೋಡಿ ಅಲ್ಲ.

ಹಾಗಂತ ಕೈ ಚೆಲ್ಲಬೇಕಿಲ್ಲ. ನಿಮ್ಮ ಶಾಸಕರು ಮನೆ, ಮದುವೆ, ಧರ್ಮ, ಹೆಣ್ಣುಮಕ್ಕಳ ವಿಷಯದಲ್ಲಿ ಸದನದಲ್ಲಿ ಏನು ಮಾಡಿದರು ಅನ್ನುವುದನ್ನು ಸಾಕಷ್ಟು ಮಟ್ಟಿಗೆ ಪತ್ತೆ ಮಾಡಬಹುದು. ದಾರಿ ಮಾತ್ರ ಸ್ವಲ್ಪ ಸುತ್ತು. ನಾನು ಎಡವಿದ ಕಡೆ ನೀವು ಎಡವಬಾರದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ್ದು: ಅದು ಅವರ ಮುಂದೆ ಬಂದಿತ್ತಾ?

ಇದನ್ನು ಬಿಟ್ಟು ನೇರ ಹುಡುಕಲು ಹೋದರೆ ಒಂದು ವಾರ ದಂಡ. ನನಗೆ ಹಾಗೇ ಆಯಿತು. ವರದಕ್ಷಿಣೆ ನಿಷೇಧ 1961ರದ್ದು, ಕೌಟುಂಬಿಕ ದೌರ್ಜನ್ಯದ ಕಾಯ್ದೆ 2005ರದ್ದು, ಬಾಲ್ಯವಿವಾಹ ನಿಷೇಧ 2006ರದ್ದು, ವಯಸ್ಸಾದ ಅಪ್ಪ ಅಮ್ಮನಿಗೆ ಮಕ್ಕಳಿಂದ ಜೀವನಾಂಶ ಕೊಡಿಸುವುದು 2007ರದ್ದು, ತ್ರಿವಳಿ ತಲಾಖ್ 2019ರದ್ದು. ಇವೆಲ್ಲ ದಿಲ್ಲಿಯಲ್ಲಿ ಆದ ಕಾನೂನು. ಜಗಳೂರಿನ ಎಮ್ಮೆಲ್ಲೆ ತಲಾಖ್ ಮಸೂದೆಗೆ ಯಾವ ಕಡೆ ಮತ ಹಾಕಿದರು ಅಂತ ಕೇಳುವುದು, ಭದ್ರಾ ನಾಲೆಗೆ ನೀರು ಯಾಕೆ ಬಿಡಲಿಲ್ಲ ಅಂತ ಪೋಸ್ಟ್‌ಮ್ಯಾನ್‌ನ ಕೇಳಿದ ಹಾಗೆ. ಅದಕ್ಕೆ ಸಂಸದರನ್ನು ಹಿಡಿಯಬೇಕು. ಅಲ್ಲಿ ಕೆಲಸ ಸ್ವಲ್ಪ ಸುಲಭ, ಯಾಕಂದರೆ ಲೋಕಸಭೆಯಲ್ಲಿ ಮತವಿಭಜನೆ, ಅಂದರೆ ಒಬ್ಬೊಬ್ಬರ ಮತ ಎಣಿಸುವುದು, ಆದರೆ ಗುಂಡಿ ಒತ್ತಿ ಹಾಕಿದ ಮತ ಹೆಸರಿನ ಸಮೇತ ದಾಖಲಾಗುತ್ತದೆ. ತಲಾಖ್ ಮಸೂದೆಗೆ 2019ರ ಜುಲೈ 25ರಂದು 303 ಪರ, 82 ವಿರೋಧ. ಮಹಿಳಾ ಮೀಸಲಿಗೆ 2023ರ ಸೆಪ್ಟೆಂಬರ್ 20ರಂದು 454 ಪರ, ಬರೀ 2 ವಿರೋಧ. ಯಾರ್‍ಯಾರು ಅಂತ ನೋಡಬಹುದು. ಆದರೆ ಹೆಣ್ಣುಮಕ್ಕಳ ಮದುವೆ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು, ಸಮಿತಿಗೆ ಹೋಗಿ, ಆ ಲೋಕಸಭೆ ಮುಗಿದಾಗ ಹಾಗೇ ಬಿದ್ದುಹೋಯಿತು. ಅದಕ್ಕೆ ಯಾರೂ ಪರವಾಗಿಯೂ ಮತ ಹಾಕಿಲ್ಲ, ವಿರೋಧವಾಗಿಯೂ ಹಾಕಿಲ್ಲ. ಅದರ ಹೆಸರಲ್ಲೂ ಟಿಕ್ಕು ಇಂಟು ಓಡಾಡುತ್ತಿವೆ, ಏನು ಹೇಳೋಣ.

ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆ ಇವು ಕೇಂದ್ರ, ರಾಜ್ಯ ಇಬ್ಬರೂ ಕೈ ಹಾಕಬಹುದಾದ ಪಟ್ಟಿಯಲ್ಲಿವೆ. ಕೇಂದ್ರದ ಕಾನೂನಿಗೆ ವಿರುದ್ಧವಾಗಿ ರಾಜ್ಯ ತಿದ್ದುಪಡಿ ಮಾಡಿದರೆ ಅದು ನಿಲ್ಲಲು ರಾಷ್ಟ್ರಪತಿ ಅಂಕಿತ ಬೇಕು. ನಮ್ಮ ರಾಜ್ಯ ಇದರಲ್ಲಿ ಸುಮ್ನೆ ಕೂತಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನ ಹಾಗೆ ಮಗಳಿಗೂ ಪಾಲು ಅಂತ ಕೇಂದ್ರ ಒಪ್ಪಿದ್ದು 2005ರಲ್ಲಿ. ಕರ್ನಾಟಕದಲ್ಲಿ ಅದು 1994ರ ಜುಲೈ 30ರಂದೇ ಜಾರಿಗೆ ಬಂದಿತ್ತು, ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಬಿಟ್ಟು. ಆ ತಿದ್ದುಪಡಿಯ ಹೆಸರಲ್ಲಿ ಇರುವ ವರ್ಷ ಮಾತ್ರ 1990. (ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು. ಚಿತ್ರದುರ್ಗ, ದಾವಣಗೆರೆ ಆಗ ಮೈಸೂರಿನ ಕೆಳಗೆ, ತುಸು ಆಚೆಯ ಹರಪನಹಳ್ಳಿ ಮದ್ರಾಸಿನ ಕೆಳಗೆ. ಅಕ್ಕ ಇಲ್ಲಿ, ತಂಗಿ ಅಲ್ಲಿ ಇದ್ದರೆ ಇಬ್ಬರಿಗೂ ಬೇರೆ ಬೇರೆ ಕಾನೂನು!) ಬಾಲ್ಯವಿವಾಹದ ಕೇಂದ್ರ ಕಾಯ್ದೆಗೂ ನಮ್ಮವರು 2016ರ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂತ ಮಾಡಿದರು. 2017ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಕರ್ನಾಟಕದ ಈ ಹೆಜ್ಜೆಯನ್ನು ಮೆಚ್ಚಿ ಬರೆದಿದೆ.

ಇನ್ನು ಕೆಲವು ಸದನಕ್ಕೆ ಬರುವುದೇ ಇಲ್ಲ. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಹಿಜಾಬ್ ಗಲಾಟೆಯದ್ದು, ಸರ್ಕಾರಿ ಆದೇಶ. ಅದಕ್ಕೆ ಮತ ಕೇಳಲಿಲ್ಲ. ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಒಂದು ಯೋಜನೆ, ಅದರ ದುಡ್ಡು ಬಜೆಟ್ಟಿನ ಒಳಗೆ ಸೇರಿರುತ್ತದೆ. ಬಜೆಟ್ಟಿಗೆ ಕೊನೆಗೆ ಧನವಿನಿಯೋಗ ವಿಧೇಯಕ ಅಂತ ಒಂದು ಬರುತ್ತದೆ, ಅದಕ್ಕೆ ‘ಇಲ್ಲ’ ಅಂದವರೆಲ್ಲ ಗೃಹಲಕ್ಷ್ಮಿಗೆ ‘ಇಲ್ಲ’ ಅಂದರು ಅಂತ ಬರೆದರೆ ಅದು ಮೋಸ.

ಆವತ್ತು ನಿಮ್ಮ ಎಮ್ಮೆಲ್ಲೆ ಯಾರಿದ್ದರು?

ನಗಬೇಡಿ, ತಪ್ಪು ಜಾಸ್ತಿ ಆಗುವುದು ಇಲ್ಲೇ. ಮೌಢ್ಯದ ಮಸೂದೆ 2017ರದ್ದು, ಅಂದರೆ 2013ರಲ್ಲಿ ಗೆದ್ದವರ ಕಾಲ. ಜಾನುವಾರು ಮತ್ತು ಮತಾಂತರದ ಮಸೂದೆಗಳು 2018ರಲ್ಲಿ ಗೆದ್ದವರ ಕಾಲದ್ದು. ದೇವಸ್ಥಾನದ್ದು 2024ರದ್ದು, 2023ರಲ್ಲಿ ಗೆದ್ದವರ ಕಾಲ. ಮೂರು ಬೇರೆ ಬೇರೆ ವಿಧಾನಸಭೆ. ಮಧ್ಯದಲ್ಲಿ ಪಕ್ಷ ಬದಲಿಸಿದವರು, ಉಪಚುನಾವಣೆಯಲ್ಲಿ ಬಂದವರು ಬೇರೆ. ಹಾಗಾಗಿ ಮಸೂದೆ ದಿನಾಂಕ ಮೊದಲು, ಶಾಸಕರ ಹೆಸರು ಆಮೇಲೆ.

ಕ್ಷೇತ್ರವೂ ಅಷ್ಟು ಸಲೀಸಲ್ಲ. ಈಗ ದಾವಣಗೆರೆ ಜಿಲ್ಲೆಯಲ್ಲಿ ಏಳು: ದಾವಣಗೆರೆ ಉತ್ತರ, ದಕ್ಷಿಣ, ಹರಿಹರ, ಜಗಳೂರು, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗದಲ್ಲಿ ಆರು: ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. 2008ಕ್ಕೆ ಮುಂಚೆ ದಾವಣಗೆರೆ ಒಂದೇ ಇತ್ತು, ಭರಮಸಾಗರ ಅಂತ ಬೇರೆ ಕ್ಷೇತ್ರವೇ ಇತ್ತು. ನಾಯಕನಹಟ್ಟಿಯವರು ತಾಲ್ಲೂಕು ಕಚೇರಿಗೆ ಚಳ್ಳಕೆರೆಗೆ ಹೋಗುತ್ತಾರೆ, ಆದರೆ ಅವರ ಎಮ್ಮೆಲ್ಲೆ ಮೊಳಕಾಲ್ಮೂರಿನವರು.

ಮಸೂದೆಯ ನಿಜವಾದ ಹೆಸರು, ನಿಜವಾದ ದಿನ

ಪೇಪರಿನವರು ಮಸೂದೆ ಅನ್ನುತ್ತಾರೆ, ಸದನದವರು ವಿಧೇಯಕ ಅನ್ನುತ್ತಾರೆ. ನಾವು ಗೋಹತ್ಯೆ ಕಾನೂನು ಅನ್ನುವುದು ದಾಖಲೆಯಲ್ಲಿ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ವಿಧೇಯಕ, 2020. ಮತಾಂತರ ನಿಷೇಧ ಅನ್ನುವುದರ ಹೆಸರಿನಲ್ಲಿ ಮತಾಂತರ ಅನ್ನುವ ಪದವೇ ಇಲ್ಲ, ಅದು ಧಾರ್ಮಿಕ ಸ್ವಾತಂತ್ರ್ಯದ ಹಕ್ಕಿನ ಸಂರಕ್ಷಣೆಯ ವಿಧೇಯಕ. ಮೌಢ್ಯದ್ದು ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರ ಅಂತ ಉದ್ದಕ್ಕೆ ಹೋಗುತ್ತದೆ. ಬೀದಿ ಹೆಸರಲ್ಲಿ ಹುಡುಕಿದರೆ ಸುದ್ದಿ ಸಿಗುತ್ತದೆ, ದಾಖಲೆ ಸಿಗುವುದಿಲ್ಲ.

ಇನ್ನೊಂದು, ಕಾನೂನು ಜಾರಿಗೆ ಬಂದ ದಿನವೇ ಬೇರೆ, ಮತ ಕೇಳಿದ ದಿನವೇ ಬೇರೆ. ಮೌಢ್ಯದ ವಿಧೇಯಕ ಬೆಳಗಾವಿ ಅಧಿವೇಶನದಲ್ಲಿ ಪಾಸಾದದ್ದು 2017ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಸರ್ಕಾರವೇ ಬದಲಾಗಿತ್ತು. ಜಾರಿ ಮಾಡಿದವರು ಒಬ್ಬರು, ಪಾಸು ಮಾಡಿದವರು ಇನ್ನೊಬ್ಬರು. ಶ್ರೇಯಸ್ಸು ಯಾರಿಗೆ ಅನ್ನುವ ಜಗಳ ನಿಮಗೆ ಬೇಡ, ನಿಮಗೆ ಬೇಕಾದ್ದು ನವೆಂಬರ್‌ನ ಆ ದಿನ.

ಈ ಕಾಯ್ದೆ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು, ಯಾಕಂದರೆ ನಮ್ಮ ಜಿಲ್ಲೆಗಳಿಗೆ ಇಷ್ಟು ಹತ್ತಿರದ್ದು ಬೇರೆ ಇಲ್ಲ. ಮುಟ್ಟಾದ ಅಥವಾ ಬಸುರಿ ಹೆಂಗಸರನ್ನು ಬೇರೆ ಇಡುವುದು, ಊರೊಳಗೆ ಬಿಡದೆ ಇರುವುದು ಅದರ ಅಪರಾಧಗಳ ಪಟ್ಟಿಯಲ್ಲಿದೆ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಹೀಗೆ ಹೆಂಗಸರನ್ನು ಹೊರಗಿಟ್ಟ ಸುದ್ದಿ ನೀವು ಓದಿಯೇ ಇರುತ್ತೀರಿ. ‘ಕುಟುಂಬದ ಮೌಲ್ಯ’ ಅಂತ ಪಟ್ಟಿ ಮಾಡಿ ಟಿಕ್ಕು ಹಾಕುವವರು ಈ ವಿಷಯಕ್ಕೆ ಒಂದು ಮನೆ ಮಾಡಿದ್ದನ್ನು ನಾನು ನೋಡಿಲ್ಲ. ಮೌಢ್ಯ ಅಂದರೆ ಅವರಿಗೆ ಮಡೆಸ್ನಾನ, ಜ್ಯೋತಿಷ್ಯ ಅಷ್ಟೇ. ಅದಕ್ಕೇ ಬೇರೆಯವರ ಪಟ್ಟಿ ಹಿಡಿದು ಹುಡುಕಬೇಡಿ. ನಿಮ್ಮ ಮನೆಗೆ, ನಿಮ್ಮ ಊರಿಗೆ ಯಾವುದು ಮುಖ್ಯ ಅನ್ನುವುದನ್ನು ನೀವೇ ಬರೆದುಕೊಂಡು ಶುರು ಮಾಡಿ.

ಧ್ವನಿಮತ ಅನ್ನುವ ಗೋಡೆ

ಈಗ ಅಸಲು ವಿಷಯ. ಸದನದಲ್ಲಿ ಸಭಾಧ್ಯಕ್ಷರು ಪ್ರಸ್ತಾವ ಓದಿ, ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ ಅನ್ನುತ್ತಾರೆ. ಯಾವ ದನಿ ಜೋರು ಅಂತ ಅವರಿಗೆ ಅನ್ನಿಸುತ್ತದೋ ಅದು ಗೆದ್ದಂತೆ. ನಮ್ಮ ಹಳ್ಳಿ ಕಟ್ಟೆ ಮೇಲೆ ಜಾತ್ರೆ ದಿನ ಗೊತ್ತು ಮಾಡುವಾಗ ‘ಏನ್ರಪ್ಪಾ, ಎಲ್ಲರದೂ ಒಪ್ಪಿಗೆನಾ’ ಅಂದರೆ ‘ಹ್ಞೂಂ’ ಅಂತ ಒಂದೇ ದನಿ ಏಳುತ್ತದಲ್ಲ, ಹಾಗೆ. ಅದರಲ್ಲಿ ಯಾರು ಹ್ಞೂಂ ಅಂದರು, ಯಾರು ಬೀಡಿ ಹಚ್ಚಿಕೊಂಡು ಸುಮ್ನಿದ್ದರು ಅಂತ ಯಾರೂ ಬರೆದಿಡುವುದಿಲ್ಲ.

ಜಾನುವಾರು ವಿಧೇಯಕ 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಗದ್ದಲದ ಮಧ್ಯೆ ಧ್ವನಿಮತದಲ್ಲಿ ಪಾಸಾಯಿತು. ಮೇಲ್ಮನೆಯಲ್ಲಿ, ಅಂದರೆ ವಿಧಾನ ಪರಿಷತ್ತಿನಲ್ಲಿ, ಬಾಕಿ ಉಳಿದಾಗ ಸುಗ್ರೀವಾಜ್ಞೆ ಬಂತು. ಆಮೇಲೆ 2021ರ ಫೆಬ್ರವರಿ 8ರಂದು ಪರಿಷತ್ತಿನಲ್ಲೂ ಧ್ವನಿಮತ, ಅದೂ ಆಡಳಿತ ಪಕ್ಷಕ್ಕೆ ಅಲ್ಲಿ ಸ್ವಂತ ಬಹುಮತ ಇಲ್ಲದ ಕಾಲದಲ್ಲಿ. ಮತಾಂತರದ್ದು 2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣಸೌಧದಲ್ಲಿ, ಮತ್ತೆ ಧ್ವನಿಮತ. ಇನ್ನು 2024ರ ದೇವಸ್ಥಾನಗಳ ತಿದ್ದುಪಡಿಯಂತೂ ಇನ್ನೂ ಮಜಾ. ಫೆಬ್ರವರಿ 21ಕ್ಕೆ ವಿಧಾನಸಭೆಯಲ್ಲಿ ಪಾಸು, 23ಕ್ಕೆ ಪರಿಷತ್ತಿನಲ್ಲಿ ಧ್ವನಿಮತದಲ್ಲೇ ಸೋಲು, 29ಕ್ಕೆ ವಿಧಾನಸಭೆಯಲ್ಲಿ ಮತ್ತೊಮ್ಮೆ ಪಾಸು. ದನಿ ಕೇಳಿಯೇ ಗೆಲುವು, ದನಿ ಕೇಳಿಯೇ ಸೋಲು.

ಆ ದನಿ ಲೆಕ್ಕವನ್ನು ಒಪ್ಪದ ಸದಸ್ಯರು ಮತವಿಭಜನೆ ಕೇಳಬಹುದು. ಆಗ ಗಂಟೆ ಬಾರಿಸಿ, ಬಾಗಿಲು ಹಾಕಿ, ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಾರೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿದ್ದದ್ದು ಹೀಗೆ ಎಣಿಸಿಯೇ. 2010ರ ಅಕ್ಟೋಬರ್ 11ರಂದು ಯಡಿಯೂರಪ್ಪ ಸರ್ಕಾರ ವಿಶ್ವಾಸಮತವನ್ನೇ ಧ್ವನಿಮತದಲ್ಲಿ ಗೆದ್ದಾಗ ರಾಜ್ಯಪಾಲರು ಒಪ್ಪಲಿಲ್ಲ, ಮೂರೇ ದಿನಕ್ಕೆ ಮತ್ತೆ ಎಣಿಸಿದಾಗ 106ಕ್ಕೆ 100. ಅಂದರೆ ಕುರ್ಚಿ ಅಲ್ಲಾಡುವಾಗ ನಮ್ಮವರು ಒಂದೊಂದು ತಲೆ ಎಣಿಸುತ್ತಾರೆ. ಮತಾಂತರ, ದನ, ದೇವರು ಬಂದಾಗ ದನಿ ಸಾಕು. ಇದು ನನ್ನ ಹೊಟ್ಟೆಕಿಚ್ಚಿನ ಮಾತು ಅಂತ ಬೇಕಾದರೆ ತೆಗೆದುಕೊಳ್ಳಿ.

ಅಮೆರಿಕದ ರಾಜ್ಯಗಳಲ್ಲಿ ಬಹಳಷ್ಟು ಮಸೂದೆಗಳಿಗೆ ಒಬ್ಬೊಬ್ಬರ ಹೆಸರು ಹಿಡಿದು ಹೌದು, ಇಲ್ಲ ದಾಖಲಾಗುತ್ತದೆ. ಅದನ್ನು ಇಟ್ಟುಕೊಂಡು ಅಲ್ಲಿನ ‘ಕುಟುಂಬ ಮೌಲ್ಯ’ದ ಸಂಘಟನೆಗಳು ಶಾಸಕರಿಗೆ ಶೇಕಡಾ ಲೆಕ್ಕದಲ್ಲಿ ಅಂಕ ಕೊಟ್ಟು ಅಂಕಪಟ್ಟಿ ಹೊರಡಿಸುತ್ತವೆ. ನಮ್ಮಲ್ಲಿ ಓಡಾಡುವ ಟಿಕ್ಕು-ಇಂಟುಗಳು ಅದರದೇ ನಕಲು. ನಕಲು ಮಾಡುವವರಿಗೆ ಇಲ್ಲಿ ಆ ದಾಖಲೆಯೇ ಇಲ್ಲ ಅನ್ನುವುದು ನೆನಪಾಗಿಲ್ಲ ಅಷ್ಟೇ.

ಹಾಗಾದರೆ ಏನು ನೋಡಬೇಕು?

ಮತ ಸಿಗದಿದ್ದಾಗ ಮತದ ಸುತ್ತಮುತ್ತ ಇರುವುದನ್ನು ಕೂಡಿಸಬೇಕು. ಕರ್ನಾಟಕ ವಿಧಾನಮಂಡಲದ ಜಾಲತಾಣ ತೆರೆಯಿರಿ. ವಿಧಾನಸಭೆ, ಪರಿಷತ್ತು ಎರಡಕ್ಕೂ ಬೇರೆ ಬೇರೆ ವಿಭಾಗ ಇದೆ. ವಿಧೇಯಕಗಳು, ಪ್ರಶ್ನೋತ್ತರ, ದಿನದ ಕಾರ್ಯಕಲಾಪ ಪಟ್ಟಿ, ಚರ್ಚೆಯ ವರದಿ ಅಲ್ಲಿ ಸಿಗುತ್ತವೆ. ಮೊದಲು ಪಟ್ಟಿಯಲ್ಲಿ ದಿನ ಗೊತ್ತು ಮಾಡಿಕೊಂಡು, ಆಮೇಲೆ ಆ ದಿನದ ಚರ್ಚೆಗೆ ಹೋಗಿ. ಒಂದು ಕಿವಿಮಾತು: ಸರ್ಕಾರಿ ಕನ್ನಡ ಪಿಡಿಎಫ್‌ಗಳಲ್ಲಿ ಎಷ್ಟೋ ‘ನುಡಿ’ ಅನ್ನುವ ಹಳೇ ಫಾಂಟಿನಲ್ಲಿ ಮಾಡಿದವು ಇಲ್ಲವೇ ಸ್ಕ್ಯಾನ್ ಮಾಡಿದವು, ಅವುಗಳೊಳಗೆ ಯೂನಿಕೋಡ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ‘ಇಲ್ಲ’ ಅಂತ ಬರುತ್ತದೆ. ಇಲ್ಲ ಅಂತ ಬಂದರೆ ನಿಮ್ಮ ಎಮ್ಮೆಲ್ಲೆ ಮಾತಾಡಿಲ್ಲ ಅಂತ ಅರ್ಥ ಅಲ್ಲ. ಪುಟ ಪುಟ ಕಣ್ಣಲ್ಲೇ ಓದಬೇಕು. ನಾನು ಮೊದಲ ನಾಲ್ಕು ದಿನ ಇದೇ ತಪ್ಪು ಮಾಡಿ, ಪಾಪ, ಒಬ್ಬರನ್ನು ಮೂಗರು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಓದುವಾಗ ಕೊನೆಯಿಂದ ಶುರು ಮಾಡಿ. ಕೊನೆಯಲ್ಲಿ ವಿಧೇಯಕ ಅಂಗೀಕಾರವಾದದ್ದು ಹೇಗೆ ಅಂತ ಇರುತ್ತದೆ. ವಿಭಜನೆ ಆಗಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಹಿಂದಕ್ಕೆ ಬನ್ನಿ. ಯಾರು ಮಾತಾಡಿದರು, ಯಾರು ತಿದ್ದುಪಡಿ ಸೂಚಿಸಿದರು, ಯಾರು ಜಂಟಿ ಸಮಿತಿಗೆ ಕಳಿಸಿ ಅಂದರು ನೋಡಿ. ತಿದ್ದುಪಡಿ ಸೂಚನೆ ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಭಾಷಣ ಯಾರು ಬೇಕಾದರೂ ಮಾಡುತ್ತಾರೆ. ಇಂಥ ಖಂಡದಲ್ಲಿ ಇಂಥ ಪದ ತೆಗೆಯಿರಿ ಅಂತ ಬರೆದು ಕೊಟ್ಟವರು ಆ ವಿಧೇಯಕವನ್ನು ಓದಿರುತ್ತಾರೆ.

ಭಾಷಣದಲ್ಲೂ ಪೂರ್ತಿ ಓದಿ. ಒಬ್ಬರು ಅರ್ಧ ಗಂಟೆ ವಿರೋಧಿಸಿದ ಹಾಗೆ ಕಾಣುತ್ತದೆ, ಕೊನೆಗೆ ‘ಉದ್ದೇಶಕ್ಕೆ ನನ್ನ ತಕರಾರಿಲ್ಲ, ಶಿಕ್ಷೆ ಜಾಸ್ತಿ ಆಯಿತು’ ಅಂದಿರುತ್ತಾರೆ. ಇದಕ್ಕೆ ಕೆಂಪು ಹಾಕುತ್ತೀರಾ, ಹಸಿರು ಹಾಕುತ್ತೀರಾ?

ಸಭಾತ್ಯಾಗ ಮಾಡಿದವರ ವಿಷಯ ಜೋಪಾನ. ಎದ್ದು ಹೊರಗೆ ಹೋದವರು ಮತ ಹಾಕಿದವರಲ್ಲ. ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದು ಘೋಷಣೆ ಕೂಗಿದವರು ವಿರೋಧಿಸಿದರು ಅನ್ನಬಹುದು, ವಿರೋಧವಾಗಿ ಮತ ಹಾಕಿದರು ಅನ್ನಲು ಬರುವುದಿಲ್ಲ. ಹಾಜರಿಯೂ ಅಷ್ಟೇ. ಬೆಳಿಗ್ಗೆ ಸಹಿ ಹಾಕಿದವರು ಸಂಜೆ ಆರಕ್ಕೆ ವಿಧೇಯಕ ಬಂದಾಗ ಒಳಗಿದ್ದರು ಅನ್ನುವುದಕ್ಕೆ ಆ ಸಹಿ ಸಾಕ್ಷಿ ಅಲ್ಲ. ಸದನ ನಡೆಯಲು ಹತ್ತರಲ್ಲಿ ಒಂದು ಪಾಲು ಇದ್ದರೆ ಸಾಕು, 224ಕ್ಕೆ 23 ಜನ. ಅಧಿವೇಶನದ ವಿಡಿಯೊ ಯೂಟ್ಯೂಬ್‌ನಲ್ಲಿ ಇದ್ದರೆ ಅಂಗೀಕಾರದ ಹೊತ್ತಿನ ಹತ್ತು ನಿಮಿಷ ಮಾತ್ರ ನೋಡಿ, ಕ್ಯಾಮೆರಾ ತಿರುಗಿದಾಗ ಒಮ್ಮೊಮ್ಮೆ ಮುಖ ಸಿಗುತ್ತದೆ.

ಮರುದಿನದ ಪೇಪರನ್ನೂ ಬಿಡಬೇಡಿ. ಬೆಂಗಳೂರಿನ ದೊಡ್ಡ ಪತ್ರಿಕೆಗಳಲ್ಲಿ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರ ಮಾತು ಬಂದಿರುತ್ತದೆ, ನಮ್ಮವರು ಕೊನೆ ಸಾಲಿನಲ್ಲೂ ಇರುವುದಿಲ್ಲ. ಜನತಾವಾಣಿಯಂಥ ಊರಿನ ಪತ್ರಿಕೆಗಳಲ್ಲಿ ಮಾತ್ರ ‘ಸದನದಲ್ಲಿ ನಮ್ಮ ಶಾಸಕರು’ ಅನ್ನುವ ಥರದ ಸುದ್ದಿ ಸಿಗುವ ಸಂಭವ ಜಾಸ್ತಿ. ಗ್ರಂಥಾಲಯದಲ್ಲಿ ಹಳೇ ಕಟ್ಟು ಕೇಳಿ.

ಇನ್ನು ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರ ಹೇಳಬೇಕು, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ನಿಮ್ಮ ಶಾಸಕರು ಬಾಲ್ಯವಿವಾಹ, ಅಂಗನವಾಡಿ, ವಿಧವಾ ವೇತನ, ಹಳ್ಳಿಗಳ ಅಕ್ರಮ ಮದ್ಯ ಇವುಗಳ ಬಗ್ಗೆ ಐದು ವರ್ಷದಲ್ಲಿ ಎಷ್ಟು ಪ್ರಶ್ನೆ ಕೇಳಿದ್ದಾರೆ ಎಣಿಸಿ. ಪಕ್ಷ ಹೇಳಿತು ಅಂತ ಯಾರೂ ಪ್ರಶ್ನೆ ಕೇಳಬೇಕಿಲ್ಲ, ಅದು ಅವರ ಸ್ವಂತದ್ದು. ಮನಸ್ಸು ಯಾವ ಕಡೆ ಇದೆ ಅನ್ನುವುದು ಇಲ್ಲಿ ಕಾಣುವಷ್ಟು ಧ್ವನಿಮತದಲ್ಲಿ ಕಾಣುವುದಿಲ್ಲ.

ವಿಪ್ ಮತ್ತು ಮೇಲ್ಮನೆ

ಹೆಸರು ಸಮೇತ ಮತ ಸಿಕ್ಕರೂ ಅದು ಅವರದೇ ಮನಸ್ಸು ಅಂತ ಹಾರಬೇಡಿ. 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಅಪ್ಪಣೆ, ಕೊಟ್ಟರೆ ಶಾಸಕರು ಅದರಂತೆ ನಡೆಯಬೇಕು. ಮೀರಿದರೆ, ಹದಿನೈದು ದಿನದೊಳಗೆ ಪಕ್ಷ ಮನ್ನಿಸದಿದ್ದರೆ, ಸ್ಥಾನಕ್ಕೇ ಕುತ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ‘ವಿಪ್ ಇತ್ತಾ’ ಅಂತ ಒಂದು ಮನೆ ಇರಲಿ.

ಪರಿಷತ್ತನ್ನು ಜನ ಮರೆತೇಬಿಡುತ್ತಾರೆ. 75 ಸದಸ್ಯರು, ಅವರಲ್ಲೂ ನಿಮ್ಮವರು ಇರುತ್ತಾರೆ. ದಾವಣಗೆರೆ, ಹರಿಹರ, ಜಗಳೂರು, ಚಿತ್ರದುರ್ಗದ ಪದವೀಧರರು ಆಗ್ನೇಯ ಕ್ಷೇತ್ರಕ್ಕೆ ಸೇರುತ್ತಾರೆ. ಹೊನ್ನಾಳಿ, ಚನ್ನಗಿರಿಯವರು ನೈಋತ್ಯಕ್ಕೆ, ಯಾಕಂದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಅವರು ಶಿವಮೊಗ್ಗದವರು. ದೇವಸ್ಥಾನದ ವಿಧೇಯಕ ಬಿದ್ದದ್ದು ಈ ಮನೆಯಲ್ಲೇ ಅನ್ನುವುದು ನೆನಪಿರಲಿ.

ಪುಸ್ತಕದಲ್ಲಿ ಬರೆಯುವ ಬಗೆ

ಎರಡು ಬಣ್ಣ ಸಾಲುವುದಿಲ್ಲ. ನಾನು ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದೆ. ದಿನಾಂಕ, ವಿಧೇಯಕದ ಪೂರ್ತಿ ಹೆಸರು, ಧ್ವನಿಮತವೋ ವಿಭಜನೆಯೋ, ಪಕ್ಷದ ನಿಲುವು, ವಿಪ್, ಅವರು ಮಾತಾಡಿದರಾ, ಏನು ಅಂದರು, ಯಾವ ಪುಟ, ಕೊನೆಗೆ ಅವರ ಸ್ವಂತ ಮತ. ಒಂದು ಸಾಲು ಹೀಗೆ ಬರುತ್ತದೆ: 9-12-2020, ಜಾನುವಾರು ವಿಧೇಯಕ, ಧ್ವನಿಮತ, ಪಕ್ಷ ವಿರೋಧ, ಇವರು ಮಾತಾಡಿದ್ದು ದಾಖಲೆಯಲ್ಲಿ ಕಾಣಲಿಲ್ಲ, ಸ್ವಂತ ಮತದ ಮನೆ ಖಾಲಿ. ಹೀಗೆ ಬರೆದದ್ದನ್ನು ಚಿಕ್ಕಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಬಂತು.

‘ಏನಪ್ಪಾ ಇದು, ಕೊನೆ ಮನೆ ಎಲ್ಲ ಖಾಲಿ ಐತಲ್ಲ?’

‘ಖಾಲಿನೇ ಚಿಕ್ಕಪ್ಪಾ.’

‘ಅಷ್ಟೊಂದು ಓದಿ ಖಾಲಿ ಬಿಟ್ಯಾ?’

ಓದಿದ್ದಕ್ಕೇ ಖಾಲಿ ಬಿಟ್ಟದ್ದು ಅಂತ ಅವರಿಗೆ ಒಪ್ಪಿಸಲು ನನಗೆ ಇನ್ನೂ ಆಗಿಲ್ಲ.

ಖಾಲಿ ಮನೆ ತುಂಬಿಸುವ ಎರಡು ದಾರಿ

ಒಂದು ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ವಿಧಾನಸಭೆಯದ್ದಾದರೆ ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಪರಿಷತ್ತಿನದ್ದಾದರೆ ಪರಿಷತ್ತಿನವರಿಗೆ, ವಿಳಾಸ ವಿಧಾನಸೌಧ, ಬೆಂಗಳೂರು. ‘ನಮ್ಮ ಶಾಸಕರು ಯಾಕೆ ವಿರೋಧಿಸಿದರು’ ಅಂತ ಕೇಳಬೇಡಿ. ಇರುವ ಕಾಗದ ಮಾತ್ರ ಕೊಡುತ್ತಾರೆ, ಕಾರಣ ಹೇಳುವುದಿಲ್ಲ. ಇಂಥ ದಿನಾಂಕದ ಇಂಥ ವಿಧೇಯಕದ ಮೇಲೆ ಮತವಿಭಜನೆ ಆಗಿದೆಯೇ, ಆಗಿದ್ದರೆ ಅದರ ದಾಖಲೆಯ ಪ್ರತಿ, ಆ ದಿನದ ಚರ್ಚೆಯ ಪ್ರತಿ, ತಿದ್ದುಪಡಿ ಸೂಚನೆಗಳ ಪ್ರತಿ, ಇಷ್ಟು ಕೇಳಿ. ‘ಮತವಿಭಜನೆ ಆಗಿಲ್ಲ’ ಅನ್ನುವ ಉತ್ತರ ಬಂದರೂ ಅದು ಒಳ್ಳೇ ಕಾಗದ. ಮುಂದಿನ ಸಲ ಯಾರಾದರೂ ಟಿಕ್ಕು ಇಂಟು ಕಳಿಸಿದರೆ ಅದರ ಫೋಟೊ ಹಾಕಿ ಸುಮ್ನಾಗಬಹುದು.

ಇನ್ನೊಂದು ದಾರಿ ಅವರನ್ನೇ ಕೇಳುವುದು. ಜನ ಇದನ್ನು ಮಾಡುವುದೇ ಇಲ್ಲ, ಯಾಕೋ. ಅಧಿವೇಶನ ಇಲ್ಲದ ದಿನ ನೋಡಿ ಅವರ ಕಚೇರಿಗೆ ಹೋಗಿ. ಮದುವೆ, ಗೃಹಪ್ರವೇಶದ ಸೀಸನ್‌ನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಮಾತ್ರ ಸಿಗುತ್ತಾರೆ. ಬಾಯಲ್ಲಿ ಕೇಳಿದರೆ ‘ನೋಡೋಣ ಬಿಡಿ ಸಾರ್, ಕಾಫಿ ಕುಡೀರಿ’ ಅನ್ನುವಲ್ಲಿಗೆ ಮುಗಿಯುತ್ತದೆ, ಹಾಗಾಗಿ ಬರೆದುಕೊಂಡೇ ಹೋಗಿ. ಜಗಳದ ದನಿ ಬೇಡ. ನಾನು ಬರೆದದ್ದು ಇಷ್ಟೇ:

‘ಮಾನ್ಯ ಶಾಸಕರಿಗೆ ನಮಸ್ಕಾರ. ನಾನು ತಮ್ಮ ಕ್ಷೇತ್ರದ ಮತದಾರ. ಇಂಥ ದಿನ ವಿಧಾನಸಭೆಯಲ್ಲಿ ಇಂಥ ವಿಧೇಯಕ ಧ್ವನಿಮತದಿಂದ ಅಂಗೀಕಾರವಾಯಿತು. ಆ ಹೊತ್ತಿಗೆ ತಾವು ಸದನದಲ್ಲಿ ಇದ್ದಿರಾ? ಇದ್ದರೆ ಹೌದು ಅಂದಿರಾ, ಇಲ್ಲ ಅಂದಿರಾ? ಪಕ್ಷದ ವಿಪ್ ಇತ್ತೇ? ಲಿಖಿತ ಉತ್ತರ ಕೊಟ್ಟರೆ ಉಪಕಾರ.’

ಮೂರು ಪ್ರಶ್ನೆ, ಒಂದೇ ವಿಧೇಯಕ. ನಾಲ್ಕು ವಿಧೇಯಕವನ್ನು ಒಂದೇ ಪತ್ರದಲ್ಲಿ ತುರುಕಿದರೆ ಉತ್ತರ ಬರುವುದಿಲ್ಲ. ಎರಡು ಪ್ರತಿ ಮಾಡಿಸಿ, ಒಂದನ್ನು ಆಪ್ತ ಸಹಾಯಕರ ಕೈಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲು ಇಲ್ಲ ನಾಳೆ ಬನ್ನಿ ಅಂದರೆ ನಾಳೆ ಹೋಗಿ. ನಾನು ಮೂರನೇ ದಿನ ಹಾಕಿಸಿಕೊಂಡೆ. ಆ ಪ್ರತಿ ಈಗ ನೋಟ್‌ಬುಕ್ಕಿನ ಆ ಖಾಲಿ ಮನೆಗೆ ಪಿನ್ನು ಹೊಡೆದು ಇಟ್ಟಿದೆ, ಉತ್ತರ ಬಂದ ದಿನ ತೆಗೆಯುತ್ತೇನೆ.